ಗೋವಾದ ಕಡಲಂಚಿನ ಗುಡಿಸಲಲ್ಲಿ ನಾಲ್ಕು ದಿನ: ಸ್ನಾರ್ಕೆಲಿಂಗೂ ಆಗಬೇಕು, ವಿಶ್ರಾಂತಿಯೂ ಸಿಗಬೇಕು ಅಂದ್ರೆ

ದಸರಾ ಮುಗಿಯುತ್ತಿದ್ದಂತೆ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಗೋವಾದಲ್ಲಿ ಬೀಚಿನ ಮೇಲೇ ಇರೋ ಚಿಕ್ಕ ರೆಸಾರ್ಟಲ್ಲಿ ಮೂರ್ನಾಲ್ಕು ದಿನ ಇರಬೇಕು, ಎದುರಿಗೇ ಇಳಿದು ಸ್ನಾರ್ಕೆಲಿಂಗ್ ಮಾಡಬೇಕು. ಎಲ್ಲಿಗೆ ಹೋಗಲಿ?" ಹುಬ್ಬಳ್ಳಿಯವರು ಕೇಳುತ್ತಾರೆ, ಬೆಂಗಳೂರಿನವರು ಕೇಳುತ್ತಾರೆ, ಇಲ್ಲೇ ವಾಸ್ಕೋದಲ್ಲಿರುವ ನಮ್ಮ ಕನ್ನಡದವರೂ ಊರಿಂದ ನೆಂಟರು ಬಂದಾಗ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಸ್ನಾರ್ಕೆಲಿಂಗ್ ಅಂದರೆ ಗಾಜಿನ ಮಾಸ್ಕ್ ಹಾಕಿಕೊಂಡು, ಉಸಿರಾಡುವ ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು, ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಿರುವುದನ್ನು ನೋಡುವುದು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವುದು ಸ್ಕೂಬಾ. ಎರಡೂ ಬೇರೆ ಬೇರೆ.

ಮೊದಲೇ ಹೇಳಿಬಿಡುತ್ತೇನೆ. ಗುಡಿಸಲ ಮೆಟ್ಟಿಲಿಳಿದು ಹತ್ತು ಹೆಜ್ಜೆ ಹಾಕಿದರೆ ಬಣ್ಣಬಣ್ಣದ ಮೀನು ಕಾಣುವಂಥ ಕಡಲು ಗೋವಾದ್ದಲ್ಲ. ಇಲ್ಲಿನ ಬೀಚುಗಳ ತಳ ಬರೀ ಮರಳು. ಮೀನು ಇರುವುದು ಬಂಡೆ, ಹವಳ ಇರುವ ಕಡೆ. ಜೊತೆಗೆ ನಮ್ಮ ಖಾನಾಪುರದ ಕಡೆ ಹುಟ್ಟುವ ಮಹದಾಯಿ ಇಲ್ಲಿ ಮಾಂಡವಿಯಾಗಿ ಸಮುದ್ರ ಸೇರುತ್ತದೆ. ಅದರ ಪಕ್ಕದಲ್ಲೇ ಜುವಾರಿ. ಎರಡೂ ನದಿಗಳು ತರುವ ಕೆಸರಿನಿಂದ ದಡದ ನೀರು ಮಬ್ಬಾಗಿರುತ್ತದೆ. ಒಳ್ಳೆಯ ದಿನದಲ್ಲೂ ನೀರೊಳಗೆ ನಾಲ್ಕೈದು ಮೀಟರ್ ಕಂಡರೆ ಖುಷಿಪಡಬೇಕು. ಅಂಡಮಾನಿನ ಫೋಟೋ ತಲೆಯಲ್ಲಿಟ್ಟುಕೊಂಡು ಬಂದವರಿಗೆ ಬೇಜಾರಾಗುವುದು ಇಲ್ಲೇ.

ಹಾಗಾಗಿ ನಾನು ಹೇಳುವ ಲೆಕ್ಕ ಇಷ್ಟು: ಉಳಿಯುವ ಜಾಗವನ್ನು ವಿಶ್ರಾಂತಿ ನೋಡಿ ಆರಿಸಿ. ಸ್ನಾರ್ಕೆಲಿಂಗಿಗೆ ಒಂದು ಬೆಳಗ್ಗೆ ಎತ್ತಿಡಿ, ಸಮುದ್ರ ಕೈಕೊಟ್ಟರೆ ಇರಲಿ ಅಂತ ಇನ್ನೊಂದು ಬೆಳಗ್ಗೆ ಖಾಲಿ ಬಿಡಿ. ನಿಮಗೆ ಮೀನು-ಹವಳವೇ ಮುಖ್ಯ, ಉಳಿದದ್ದೆಲ್ಲ ಆಮೇಲೆ ಅನ್ನುವುದಾದರೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ. ನಮ್ಮದೇ ರಾಜ್ಯ, ನೀರೂ ಸಾಮಾನ್ಯವಾಗಿ ಇದಕ್ಕಿಂತ ತಿಳಿ. ಎರಡೂ ಸ್ವಲ್ಪ ಸ್ವಲ್ಪ ಬೇಕು ಅನ್ನುವವರು ಮುಂದೆ ಓದಿ.

1. ತಿಂಗಳು ನೋಡಿ, ತಿಥಿಯನ್ನೂ ನೋಡಿ

ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಪ್ರಶ್ನೆಯೇ ಇಲ್ಲ. ಮಳೆಗಾಲದಲ್ಲಿ ಜಲಕ್ರೀಡೆಯ ಬೋಟುಗಳು ನಿಂತಿರುತ್ತವೆ, ಕಡಲೂ ಉಗ್ರವಾಗಿರುತ್ತದೆ. ಅಕ್ಟೋಬರಿನಲ್ಲಿ ಗುಡಿಸಲು ಕಟ್ಟಲು ಶುರು ಮಾಡುತ್ತಾರೆ, ಆದರೆ ನೀರು ಇನ್ನೂ ಕದಡಿರುತ್ತದೆ. ನನ್ನ ಮೆಚ್ಚಿನ ಸಮಯ ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯ, ಆಮೇಲೆ ಜನವರಿ ಎರಡನೇ ವಾರದಿಂದ ಮಾರ್ಚ್. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವೆ ಬಾಡಿಗೆ ಎರಡು ಪಟ್ಟು, ಮೂರು ಪಟ್ಟು ಆಗುತ್ತದೆ. ನೆಮ್ಮದಿ ಬೇಕು ಅಂತ ಬರುವವರು ಆ ವಾರ ಬರಬೇಡಿ.

ಇನ್ನು ತಿಥಿ. ಕ್ಯಾಲೆಂಡರಿನಲ್ಲಿ ರಜೆ ನೋಡುವವರೇ ಜಾಸ್ತಿ, ಚಂದ್ರನನ್ನು ನೋಡುವವರು ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ-ಇಳಿತದ ಅಂತರ ದೊಡ್ಡದು. ಗೋವಾ ಕರಾವಳಿಯಲ್ಲಿ ಸುಮಾರು 2 ಮೀಟರ್. ಅಷ್ಟು ನೀರು ಒಳಗೆ ಬಂದು ಹೊರಗೆ ಹೋಗುವಾಗ ಸೆಳೆತ ಜಾಸ್ತಿ, ತಳದ ಮರಳೂ ಏಳುತ್ತದೆ. ಅಷ್ಟಮಿಯ ಹೊತ್ತಿಗೆ ಈ ಅಂತರ ಕಡಿಮೆಯಾಗಿ ನೀರು ಸ್ವಲ್ಪ ಶಾಂತವಾಗಿರುತ್ತದೆ. ಆದ್ದರಿಂದ ಅಷ್ಟಮಿ, ಅದರ ಮುಂದಿನ ಒಂದೆರಡು ದಿನ ಸ್ನಾರ್ಕೆಲಿಂಗಿಗೆ ಒಳ್ಳೆಯದು. ಮನೆಯ ಗೋಡೆಯ ಮೇಲಿರುವ ಪಂಚಾಂಗದ ಕ್ಯಾಲೆಂಡರೇ ಸಾಕು.

2. ಊರು ಆರಿಸಿ

ಬಾಗಾ, ಕಲಂಗೂಟ್ ಕಡೆ ಗದ್ದಲ ಜಾಸ್ತಿ. ನಾನು ಕಳಿಸುವುದು ದಕ್ಷಿಣಕ್ಕೆ, ಕಾಣಕೋಣ ತಾಲೂಕಿಗೆ. ಅಲ್ಲಿ ಮೂರು ಬೀಚುಗಳ ಸ್ವಭಾವ ತಿಳಿದಿರಲಿ.

ಪಾಲೋಲೆಂ ಅರ್ಧಚಂದ್ರದ ಹಾಗೆ ಬಾಗಿರುವ ಕೊಲ್ಲಿ. ಎರಡೂ ತುದಿಯಲ್ಲಿ ಬಂಡೆಗಳಿರುವುದರಿಂದ ಅಲೆ ಮೆಲ್ಲಗೆ. ಮಕ್ಕಳಿದ್ದರೆ, ಈಜು ಅಷ್ಟಕ್ಕಷ್ಟೇ ಅನ್ನುವುದಾದರೆ ಇದೇ ಸರಿ. ಜನ ಸ್ವಲ್ಪ ಜಾಸ್ತಿ ಅನ್ನುವುದೊಂದೇ ಕೊರತೆ. ಅದರ ಪಕ್ಕದ ಪಾಟ್ನೆಂ ಚಿಕ್ಕದು, ಶಾಂತ. ವಯಸ್ಸಾದ ಅಪ್ಪ-ಅಮ್ಮನ ಜೊತೆ ಬರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆಗೋಂದ ಉದ್ದನೆಯ ಬೀಚು, ಸುಮ್ನೆ ಕೂತು ಸಮುದ್ರ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಆದರೆ ಅಲ್ಲಿ ಅಲೆಗೆ ಜೋರಿದೆ, ದಡ ಬೇಗ ಆಳವಾಗುತ್ತದೆ. ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡುವ ಬೀಚೂ ಅದು. ಬೇಲಿ ಕಟ್ಟಿದ ಜಾಗಕ್ಕೆ ಹೋಗಬಾರದು, ರಾತ್ರಿ ಮರಳಿನ ಮೇಲೆ ಟಾರ್ಚ್ ಬಿಡಬಾರದು.

3. ಗುಡಿಸಲು ಬುಕ್ ಮಾಡುವ ಮೊದಲು ಕೇಳಬೇಕಾದ್ದು

ಇಲ್ಲಿ ರೆಸಾರ್ಟ್ ಅಂತ ಬೋರ್ಡ್ ಇದ್ದರೂ ಬಹಳಷ್ಟು ಕಡೆ ಇರುವುದು ಮರ, ಬಿದಿರು, ತೆಂಗಿನ ಗರಿಯ ಗುಡಿಸಲುಗಳು. ಹಟ್ ಅಂತಾರೆ. ಕಡಲಂಚಿನಲ್ಲಿ ಪಕ್ಕಾ ಕಟ್ಟಡ ಕಟ್ಟದಂತೆ ಸಿಆರ್‌ಝಡ್ ಅನ್ನುವ ಕರಾವಳಿ ನಿಯಂತ್ರಣ ನಿಯಮ 1991ರಿಂದ ಇದೆ. ಅದಕ್ಕೇ ಪ್ರತಿ ವರ್ಷ ಮಳೆ ಮುಗಿದ ಮೇಲೆ ಕಟ್ಟುತ್ತಾರೆ, ಮಳೆಗೆ ಮೊದಲು ಬಿಚ್ಚಿಡುತ್ತಾರೆ. ಅಂದರೆ ನೀವು ನೋಡುವ ಫೋಟೋ ಹೋದ ವರ್ಷದ್ದಿರಬಹುದು. ಈ ಸಲ ಕಟ್ಟಿದ ಹಟ್‌ನ ವಿಡಿಯೋ ವಾಟ್ಸಾಪಿನಲ್ಲಿ ಕಳಿಸಿ ಅಂತ ಕೇಳಿ. ಸಂಕೋಚ ಬೇಡ, ಎಲ್ಲರೂ ಕಳಿಸುತ್ತಾರೆ.

ಫೋನಿನಲ್ಲಿ ಇಷ್ಟನ್ನು ಕೇಳಿ: ಮುಂದಿನ ಸಾಲೋ ಹಿಂದಿನ ಸಾಲೋ? "ಬೀಚ್ ರೆಸಾರ್ಟ್" ಅಂದರೂ ನಿಮ್ಮ ಹಟ್ ಮೂರನೇ ಸಾಲಿನಲ್ಲಿ, ಅಡುಗೆಮನೆಯ ಹಿಂದೆ ಇರಬಹುದು. ಬಚ್ಚಲು ಒಳಗಿದೆಯಾ? ಸೊಳ್ಳೆಪರದೆ ಇದೆಯಾ? ಕರೆಂಟ್ ಹೋದರೆ ಫ್ಯಾನ್ ನಡೆಯುತ್ತದಾ? ಹಟ್ ಎತ್ತರದ ಕಂಬಗಳ ಮೇಲಿದೆಯಾ? ಇದ್ದರೆ ಮೆಟ್ಟಿಲು ಕಡಿದಾಗಿರುತ್ತದೆ, ಮೊಣಕಾಲು ನೋವಿರುವವರಿಗೆ ಕಷ್ಟ. ಬಾಡಿಗೆಯಲ್ಲಿ ತೆರಿಗೆ ಸೇರಿದೆಯಾ? ರಾತ್ರಿ ಪಕ್ಕದಲ್ಲಿ ಸಂಗೀತ ಎಷ್ಟು ಹೊತ್ತಿನವರೆಗೆ?

ನಾಲ್ಕು ದಿನಕ್ಕೂ ಪೂರ್ತಿ ದುಡ್ಡು ಮೊದಲೇ ಹಾಕಬೇಡಿ. ನಾನು ಒಮ್ಮೆ ಹಾಗೆ ಹಾಕಿ, ಬಚ್ಚಲಿನ ನೀರು ಹೋಗದ ಹಟ್‌ನಲ್ಲಿ ಮೂರು ರಾತ್ರಿ ಕಳೆಯಬೇಕಾಯಿತು. ಈಗ ಒಂದು ರಾತ್ರಿಯದ್ದು ಮಾತ್ರ ಕೊಡುತ್ತೇನೆ. ಬಂದು ನೋಡಿ, ಹಿಡಿಸಿದರೆ ಮುಂದಿನದು. ಡಿಸೆಂಬರ್ ಕೊನೆಯ ವಾರ ಬಿಟ್ಟರೆ ಈ ಪದ್ಧತಿಗೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಬೀಚಿನ ಅಡುಗೆಮನೆಯಲ್ಲಿ ಮೀನು ಕರಿದ ಎಣ್ಣೆಯಲ್ಲೇ ಆಲೂಗಡ್ಡೆಯೂ ಬೀಳಬಹುದು. ಮನಸ್ಸಿಗೆ ಒಗ್ಗದಿದ್ದರೆ ಮೊದಲೇ ಹೇಳಿ. ಅಡುಗೆ ಮಾಡುವ, ಬಡಿಸುವ ಹುಡುಗರಲ್ಲಿ ಉತ್ತರ ಕರ್ನಾಟಕದವರು ಬಹಳ ಜನ. ಕನ್ನಡದಲ್ಲೇ ಮಾತಾಡಿಸಿ ನೋಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಚಾವಡಿ ಅನ್ನುವ ಹತ್ತಿರದ ಪೇಟೆಯಲ್ಲಿ ಬೆಳಗ್ಗೆ ಬಿಸಿ ಪಾವ್-ಭಾಜಿ ಸಿಗುತ್ತದೆ. ಅದು ನಮ್ಮ ಬೆಣ್ಣೆ ಹಾಕಿದ ಪಾವ್‌ಭಾಜಿ ಅಲ್ಲ. ಆಲೂಗಡ್ಡೆಯ ಅಥವಾ ಕಾಳಿನ ಪಲ್ಯ ಮತ್ತು ಪಾವ್.

4. ತಲುಪುವುದು

ಕಾರವಾರದಿಂದಲೂ ಮಡಗಾಂವ್‌ನಿಂದಲೂ ಕಾಣಕೋಣ ಹೆಚ್ಚುಕಡಿಮೆ 40 ಕಿ.ಮೀ. ಬೆಂಗಳೂರಿನವರು ಕಾರವಾರಕ್ಕೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ ಹಿಡಿಯಬಹುದು. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಕ್ಯಾಸಲ್‌ರಾಕ್ ಘಟ್ಟ ಇಳಿದು ಮಡಗಾಂವ್‌ಗೆ ಬರುವ ರೈಲುಗಳಿವೆ. ವಿಮಾನದಲ್ಲಿ ಬರುವವರು ಟಿಕೆಟ್ ಮಾಡುವಾಗ ಗಮನಿಸಿ: ಗೋವಾಕ್ಕೆ ಈಗ ಎರಡು ನಿಲ್ದಾಣ. ದಾಬೋಳಿ ವಾಸ್ಕೋ ಪಕ್ಕ. ಮೋಪಾ ಉತ್ತರದ ತುದಿಯಲ್ಲಿ, 2023ರಲ್ಲಿ ಶುರುವಾಯಿತು. ಕಾಣಕೋಣಕ್ಕೆ ಬರುವವರು ಮೋಪಾದಲ್ಲಿ ಇಳಿದರೆ ಇಡೀ ಗೋವಾ ದಾಟಬೇಕು.

ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವಾಗ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇರಬೇಕು. ಬಿಳಿ ಪ್ಲೇಟಿನದು ಸ್ವಂತ ಬಳಕೆಯ ಗಾಡಿ, ಬಾಡಿಗೆಗೆ ಕೊಡುವಂತಿಲ್ಲ. ಪೊಲೀಸರು ಹಿಡಿದರೆ ದಂಡ, ಅಪಘಾತವಾದರೆ ವಿಮೆಯ ತೊಂದರೆ.

5. ಬ್ಯಾಗಿನಲ್ಲಿ ಏನಿರಬೇಕು

ಉದ್ದ ತೋಳಿನ ಈಜು ಅಂಗಿ ಮೊದಲನೆಯದು. ಬೋರಲು ತೇಲುವಾಗ ಬೆನ್ನು ಪೂರ್ತಿ ಬಿಸಿಲಿಗೆ ಬಿದ್ದಿರುತ್ತದೆ, ನೀರು ತಂಪಾಗಿರುವುದರಿಂದ ಸುಡುವುದೇ ಗೊತ್ತಾಗುವುದಿಲ್ಲ. ರಾತ್ರಿ ಮಲಗುವಾಗ ಗೊತ್ತಾಗುತ್ತದೆ. ಅಂಗಿ ಹಾಕಿದರೆ ಸನ್‌ಸ್ಕ್ರೀನ್ ಮುಖಕ್ಕೆ, ಕಾಲಿನ ಹಿಂಭಾಗಕ್ಕೆ ಮಾತ್ರ ಸಾಕು. ಆಕ್ಸಿಬೆನ್‌ಝೋನ್ ಅನ್ನುವ ರಾಸಾಯನಿಕ ಹವಳಕ್ಕೆ ಹಾನಿ ಮಾಡುತ್ತದೆ. ಅದಿಲ್ಲದ, ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ತನ್ನಿ.

ಇಡೀ ಕುಟುಂಬಕ್ಕೆ ಸಾಮಾನು ಕೊಳ್ಳುವ ಅಗತ್ಯವಿಲ್ಲ, ಬೋಟಿನವರೇ ಕೊಡುತ್ತಾರೆ. ಆದರೆ ಮಾಸ್ಕ್ ಒಂದನ್ನು ನಿಮ್ಮದೇ ತನ್ನಿ. ಕೊಳ್ಳುವಾಗ ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಲ್ಲಿ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮ ಮುಖದ ಅಳತೆ. ದಪ್ಪ ಮೀಸೆಯವರಿಗೆ ಮೂಗಿನ ಕೆಳಗೆ ನೀರು ಒಸರುತ್ತದೆ, ಅಲ್ಲಿ ಸ್ವಲ್ಪ ವ್ಯಾಸಲಿನ್ ಹಚ್ಚಿದರೆ ಕಡಿಮೆಯಾಗುತ್ತದೆ. ಕನ್ನಡಕ ಹಾಕುವವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆ. ಇಡೀ ಮುಖ ಮುಚ್ಚುವ ಅಗ್ಗದ ಮಾಸ್ಕ್ ಮಾತ್ರ ಬೇಡ. ಬಿಟ್ಟ ಉಸಿರು ಒಳಗೇ ಉಳಿದು ತಲೆ ತಿರುಗುವ ಅಪಾಯ ಇದೆ, ಗಾಬರಿಯಲ್ಲಿ ಬೇಗ ಬಿಚ್ಚಲೂ ಆಗುವುದಿಲ್ಲ.

ಬೋಟಿನಲ್ಲಿ ವಾಂತಿ ಬರುವವರು ಮಾತ್ರೆಯನ್ನು ಡಾಕ್ಟರನ್ನು ಕೇಳಿ ತನ್ನಿ. ಬೋಟ್ ಹತ್ತಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು.

6. ಮೊದಲ ದಿನ ದಡದಲ್ಲೇ ಅಭ್ಯಾಸ

ಇದನ್ನು ಬಿಡುವವರೇ ಹೆಚ್ಚು, ಬೋಟಿನಲ್ಲಿ ಕಷ್ಟಪಡುವವರೂ ಅವರೇ. ಕೊಳವೆಯಲ್ಲಿ ಉಸಿರಾಡುವುದು ಸುಲಭ, ಆದರೆ ಮನಸ್ಸು ಮೊದಲು ಒಪ್ಪುವುದಿಲ್ಲ. ಮುಖ ನೀರಿನಲ್ಲಿದ್ದಾಗ ಉಸಿರು ಎಳೆಯಬೇಡ ಅಂತ ದೇಹ ಹೇಳುತ್ತದೆ. ಅದನ್ನು ಸೊಂಟದ ಮಟ್ಟದ ನೀರಿನಲ್ಲಿ, ಕಾಲು ನೆಲಕ್ಕೆ ಸಿಗುವಲ್ಲಿ ಕಲಿಯಬೇಕು. ಬೋಟಿನವರು ಅದಕ್ಕೆ ಸಮಯ ಕೊಡುವುದಿಲ್ಲ.

ಪಾಲೋಲೆಂನಂಥ ಮೆಲ್ಲಲೆಯ ಕಡೆ, ಬೆಳಗ್ಗೆ, ಜೀವರಕ್ಷಕರು ಇರುವಾಗ ಇಳಿಯಿರಿ. ಅವರು ಬೆಳಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ ಇರುತ್ತಾರೆ. ಕೆಂಪು-ಹಳದಿ ಬಾವುಟಗಳ ನಡುವೆ ಈಜಬಹುದು, ಬರೀ ಕೆಂಪು ಬಾವುಟ ಇದ್ದರೆ ಇಳಿಯಬಾರದು. ಕಾಲೆಳೆದುಕೊಂಡು ನಡೆಯಿರಿ. ಮರಳಿನಲ್ಲಿ ಹುದುಗಿರುವ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ, ತುಳಿದರೆ ಮುಳ್ಳು ಚುಚ್ಚುತ್ತದೆ.

ಮಾಸ್ಕಿನ ಗಾಜಿನ ಒಳಗೆ ಉಗುಳು ಹಚ್ಚಿ, ಬೆರಳಿನಿಂದ ಸವರಿ, ಸಮುದ್ರದ ನೀರಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಹೇಸಿಗೆ ಅನಿಸಿದರೆ ಒಂದು ಹನಿ ಮಕ್ಕಳ ಶಾಂಪೂ. ಹೀಗೆ ಮಾಡದಿದ್ದರೆ ಎರಡೇ ನಿಮಿಷದಲ್ಲಿ ಗಾಜು ಮಂಜಾಗುತ್ತದೆ. ಪಟ್ಟಿಯನ್ನು ಬಹಳ ಬಿಗಿ ಮಾಡಬೇಡಿ. ಬಿಗಿ ಮಾಡಿದಷ್ಟೂ ಅಂಚು ಸೊಟ್ಟಗಾಗಿ ನೀರು ಬರುತ್ತದೆ. ಕೂದಲ ಎಳೆಯೊಂದು ಅಂಚಿನಡಿ ಸಿಕ್ಕಿದ್ದರೂ ಸಾಕು, ಒಸರುತ್ತದೆ.

ಈಗ ಕೊಳವೆಯ ರಬ್ಬರನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿ, ತುಟಿ ಮುಚ್ಚಿ. ಮೊದಲು ನಿಂತೇ ಹತ್ತು ಸಲ ಉಸಿರಾಡಿ. ಆಮೇಲೆ ಬಗ್ಗಿ ಮುಖ ಮಾತ್ರ ನೀರಿಗಿಡಿ. ಉಸಿರು ನಿಧಾನ, ಉದ್ದ ಇರಲಿ. ಗಡಿಬಿಡಿಯಲ್ಲಿ ಚಿಕ್ಕ ಚಿಕ್ಕ ಉಸಿರು ತೆಗೆದರೆ ಕೊಳವೆಯೊಳಗಿನ ಹಳೆಯ ಗಾಳಿಯೇ ಮತ್ತೆ ಮತ್ತೆ ಒಳಗೆ ಹೋಗಿ ಸುಸ್ತಾಗುತ್ತದೆ. ಕೊಳವೆಗೆ ನೀರು ಹೊಕ್ಕರೆ ದೀಪ ಆರಿಸುವ ಹಾಗೆ ಒಂದೇ ಸಲಕ್ಕೆ "ಫೂ" ಅಂತ ಜೋರಾಗಿ ಊದಿ, ನೀರು ಮೇಲಿನಿಂದ ಚಿಮ್ಮಿ ಹೋಗುತ್ತದೆ. ಅದರ ನಂತರದ ಉಸಿರನ್ನು ಮೆಲ್ಲಗೆ ಎಳೆಯಿರಿ, ಹನಿ ಉಳಿದಿರಬಹುದು. ಇದನ್ನು ಐದಾರು ಸಲ ಬೇಕಂತಲೇ ಮಾಡಿ. ಕೈ ಕುದುರುತ್ತದೆ, ಧೈರ್ಯ ಬರುತ್ತದೆ.

ಈಜು ಬರದಿದ್ದರೂ ಲೈಫ್ ಜಾಕೆಟ್ ಹಾಕಿಕೊಂಡು ಇಷ್ಟು ಮಾಡಬಹುದು. ಆಸ್ತಮಾ, ಹೃದಯದ ತೊಂದರೆ ಇರುವವರು ಮಾತ್ರ ಊರು ಬಿಡುವ ಮೊದಲೇ ಡಾಕ್ಟರನ್ನು ಕೇಳಿಬನ್ನಿ.

7. ಬೋಟ್ ಆರಿಸುವುದು

ಗೋವಾದಲ್ಲಿ ಸ್ನಾರ್ಕೆಲಿಂಗ್ ಅಂದರೆ ಬಹುತೇಕ ಗ್ರಾಂಡ್ ಐಲ್ಯಾಂಡ್. ವಾಸ್ಕೋದ ಎದುರಿಗಿರುವ ದ್ವೀಪ. ಅದರ ಸುತ್ತ ಬಂಡೆ, ಹವಳ, ಮುಳುಗಿದ ಹಡಗಿನ ಅವಶೇಷ ಇವೆ. ಉತ್ತರದಲ್ಲಿ ಕೋಕೋ ಬೀಚ್, ಸಿಂಕೇರಿ ಕಡೆಯಿಂದ ಬೋಟುಗಳು ಹೋಗುತ್ತವೆ. ಕಾಣಕೋಣದಲ್ಲಿ ಉಳಿದವರಿಗೆ ವಾಸ್ಕೋದ ಬೈಣಾ ಕಡೆಯಿಂದ ಹೊರಡುವುದು ಹತ್ತಿರ. ಹತ್ತಿರ ಅಂದರೂ ಪಾಲೋಲೆಂನಿಂದ ವಾಸ್ಕೋಗೆ ಸುಮಾರು ಎರಡು ಗಂಟೆಯ ದಾರಿ, ನಸುಕಿನಲ್ಲೇ ಏಳಬೇಕು. ಇದಕ್ಕೆ ನನ್ನ ಸಲಹೆ: ಕೊನೆಯ ರಾತ್ರಿಯನ್ನು ವಾಸ್ಕೋ ಸುತ್ತಮುತ್ತ ಇಟ್ಟುಕೊಳ್ಳಿ, ಮರುದಿನ ಬೆಳಗ್ಗೆ ಬೋಟ್ ಹತ್ತಿ. ಆದರೆ ಆಗ ಖಾಲಿ ಬೆಳಗ್ಗೆ ಉಳಿಯುವುದಿಲ್ಲ, ಹಾಗಾಗಿ ವಾಪಸ್ ಟಿಕೆಟನ್ನು ಒಂದು ದಿನ ಮುಂದಕ್ಕೆ ಮಾಡಿ.

ಕಾಣಕೋಣ ಬಿಟ್ಟು ಕದಲುವುದೇ ಇಲ್ಲ ಅನ್ನುವವರು ಪಾಲೋಲೆಂನಿಂದ ಮೀನುಗಾರರ ದೋಣಿಯಲ್ಲಿ ಬಟರ್‌ಫ್ಲೈ ಬೀಚಿಗೆ ಹೋಗಬಹುದು. ಅಲ್ಲಿನ ಬಂಡೆಗಳ ಬದಿಯಲ್ಲಿ, ಸಮುದ್ರ ಶಾಂತವಾಗಿದ್ದ ದಿನ, ಚಿಕ್ಕಪುಟ್ಟ ಮೀನು ಕಾಣುತ್ತವೆ. ದಾರಿಯಲ್ಲಿ ಡಾಲ್ಫಿನ್ ಕಂಡರೆ ಅದೃಷ್ಟ. ದೋಣಿಯವರಿಗೆ ಹಿಂಬಾಲಿಸಲು ಹೇಳಬೇಡಿ, ಇಂಜಿನ್ ನಿಲ್ಲಿಸಿ ಕಾದರೆ ಅವೇ ಮತ್ತೆ ಮೇಲೆ ಬರುತ್ತವೆ.

ಬೀಚಿನಲ್ಲಿ ಕಾರ್ಡ್ ಹಿಡಿದು ಬರುವವರು ಸ್ಕೂಬಾ, ಸ್ನಾರ್ಕೆಲಿಂಗ್, ಡಾಲ್ಫಿನ್, ಊಟ, ವಿಡಿಯೋ ಎಲ್ಲ ಸೇರಿಸಿ ಬಹಳ ಅಗ್ಗಕ್ಕೆ ಹೇಳುತ್ತಾರೆ. ಅಷ್ಟು ಅಗ್ಗ ಹೇಗೆ ಸಾಧ್ಯ ಅಂತ ಯೋಚಿಸಿ. ಬೋಟ್ ತುಂಬ ಜನ, ಒಬ್ಬರ ಹಿಂದೆ ಒಬ್ಬರಂತೆ ಹತ್ತು ನಿಮಿಷ ನೀರಿಗೆ. ದುಡ್ಡು ಕೊಡುವ ಮೊದಲು ಇಷ್ಟು ಕೇಳಿ: ಬೋಟಿನಲ್ಲಿ ಒಟ್ಟು ಎಷ್ಟು ಜನ? ನೀರಿನಲ್ಲಿ ನನಗೆ ಸಿಗುವ ಸಮಯ ಎಷ್ಟು? ನಮ್ಮ ಜೊತೆ ನೀರಿಗೆ ಇಳಿಯುವ ಗೈಡ್ ಇದ್ದಾನಾ? ಎಲ್ಲರಿಗೂ ಅಳತೆಯ ಲೈಫ್ ಜಾಕೆಟ್ ಇದೆಯಾ? ಅಲೆ ಜಾಸ್ತಿಯಾಗಿ ರದ್ದಾದರೆ ದುಡ್ಡು ವಾಪಸಾ, ಇನ್ನೊಂದು ದಿನಕ್ಕಾ? ನುಣುಚಿಕೊಂಡರೆ ಅಲ್ಲಿಂದ ನಡೆಯಿರಿ.

ಬೆಳಗಿನ ಮೊದಲ ಬೋಟನ್ನೇ ಹಿಡಿಯಿರಿ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಡಲ ಕಡೆಯಿಂದ ಗಾಳಿ ಬೀಸಲು ಶುರುವಾಗುತ್ತದೆ, ನೀರು ಕುಲುಕುತ್ತದೆ. ಬೆಳಗಿನ ತಿಂಡಿ ಹಗುರ ಇರಲಿ, ಪೂರಿ-ವಡೆ ಬೇಡ, ಪೂರ್ತಿ ಖಾಲಿ ಹೊಟ್ಟೆಯೂ ಬೇಡ.

8. ನೀರಿಗಿಳಿದ ಮೇಲೆ

ಹಿಂದಿನ ರಾತ್ರಿ ಕುಡಿದದ್ದು ಇಳಿಯದಿದ್ದರೆ ಇಳಿಯಬೇಡಿ. ಇದನ್ನು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ. ಇಬ್ಬರು ಜೊತೆಯಾಗಿರಿ, ಒಬ್ಬರ ಕಣ್ಣು ಇನ್ನೊಬ್ಬರ ಮೇಲಿರಲಿ. ಐದು ನಿಮಿಷಕ್ಕೊಮ್ಮೆ ತಲೆ ಎತ್ತಿ ಬೋಟ್ ಎಲ್ಲಿದೆ ನೋಡಿ. ಕೆಳಗೆ ನೋಡುತ್ತ ತೇಲುವಾಗ ಎಷ್ಟು ದೂರ ಬಂದೆವು ಅನ್ನುವುದೇ ತಿಳಿಯುವುದಿಲ್ಲ.

ಏನು ಕಾಣುತ್ತದೆ? ಹಳದಿ ಮೈಮೇಲೆ ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್ ಮೀನುಗಳು ಗುಂಪಿನಲ್ಲಿ ಬರುತ್ತವೆ. ಗಿಳಿಮೀನು ಬಂಡೆಯನ್ನು ಕೊಕ್ಕಿನಿಂದ ಕೆರೆಯುವ ಸದ್ದು ಕಿವಿಗೆ ಕೇಳಿಸುತ್ತದೆ. ಸಂದಿಗಳಲ್ಲಿ ಗ್ರೂಪರ್, ಅಂದರೆ ನಮ್ಮ ಕರಾವಳಿಯ ಮುರು ಮೀನು, ಅಲುಗಾಡದೆ ನಿಂತಿರುತ್ತದೆ. ಮಬ್ಬು ನೀರಿನಲ್ಲಿ ಅಲೆದಾಡಬೇಡಿ. ಒಂದೇ ಬಂಡೆಯ ಮೇಲೆ ಸುಮ್ಮನೆ ತೇಲುತ್ತಿರಿ. ಎರಡು ನಿಮಿಷದಲ್ಲಿ ಅವೇ ಹೊರಗೆ ಬರುತ್ತವೆ.

ಕೈ ಕಾಲು ಹವಳಕ್ಕೆ ತಾಗಿಸಬೇಡಿ, ಸುಸ್ತಾಯಿತು ಅಂತ ಅದರ ಮೇಲೆ ನಿಲ್ಲಬೇಡಿ. ಹವಳ ಒಂದು ಜೀವಿ. ಮೀನಿಗೆ ಬಿಸ್ಕತ್ತು, ಬ್ರೆಡ್ ಹಾಕಿ ಫೋಟೋ ತೆಗೆಸುತ್ತಾರೆ, ನೀವು ಬೇಡ ಅನ್ನಿ. ಉಸಿರು ಕಟ್ಟಿ ಕೆಳಗೆ ಮುಳುಗುವ ಆಸೆ ಇದ್ದವರು ಅದಕ್ಕೆ ಮೊದಲು ಸರಸರನೆ ಹತ್ತಾರು ಸಲ ಉಸಿರೆಳೆಯಬೇಡಿ. ಹಾಗೆ ಮಾಡಿದರೆ ಉಸಿರು ಬೇಕು ಅನ್ನುವ ಎಚ್ಚರಿಕೆಯೇ ಬರದೆ ನೀರಿನಲ್ಲೇ ಪ್ರಜ್ಞೆ ತಪ್ಪಬಹುದು.

ಲೋಳೆಮೀನು, ಅಂದರೆ ಜೆಲ್ಲಿಫಿಶ್ ತಾಗಿ ಉರಿದರೆ ತಿಕ್ಕಬೇಡಿ, ಸಿಹಿನೀರು ಹಾಕಬೇಡಿ. ಸಮುದ್ರದ ನೀರಿನಲ್ಲೇ ತೊಳೆದು ಜೀವರಕ್ಷಕರಿಗೆ ತೋರಿಸಿ. ಉಸಿರಾಟ ಕಷ್ಟವಾದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಬೀಚಿನಲ್ಲಿ ಈಜುವಾಗ ನೀರು ನಿಮ್ಮನ್ನು ಒಳಕ್ಕೆ ಎಳೆಯುತ್ತಿದೆ ಅನಿಸಿದರೆ ಅದು ಸೆಳವು. ಅದಕ್ಕೆ ಎದುರಾಗಿ ದಡದ ಕಡೆ ಈಜಿದರೆ ಸೋಲುತ್ತೀರಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳವಿನ ಪಟ್ಟಿ ದಾಟಿದ ಮೇಲೆ ದಡಕ್ಕೆ ತಿರುಗಿ. ಈಜಲು ಆಗದಿದ್ದರೆ ತೇಲುತ್ತ ಕೈ ಎತ್ತಿ.

9. ಉಳಿದ ದಿನ ಏನೂ ಮಾಡಬೇಡಿ

ನಿಜವಾಗಿಯೂ. ನಾಲ್ಕು ದಿನದಲ್ಲಿ ಚರ್ಚು, ಕೋಟೆ, ದೂಧಸಾಗರ ಎಲ್ಲ ತುರುಕಿದರೆ ಹಟ್‌ನ ಜಗಲಿಯಲ್ಲಿ ಕೂರುವುದು ಯಾವಾಗ? ಬೆಳಗ್ಗೆ ಆರೂವರೆಗೆ ಎದ್ದು ಮೀನುಗಾರರು ಬಲೆ ಎಳೆಯುವುದನ್ನು ನೋಡಿ. ಮಧ್ಯಾಹ್ನ ಮೀನು ತಿನ್ನುವವರು ಅನ್ನ, ಹುಮಣ್, ಕರಿದ ಬಾಂಗಡೆ ಕೇಳಿ. ಹುಮಣ್ ಅಂದರೆ ತೆಂಗಿನಕಾಯಿ ಅರೆದು ಮಾಡಿದ ಮೀನಿನ ಸಾರು. ಸೋಲ್‌ಕಡಿ ಎಲ್ಲರಿಗೂ ಆಗುತ್ತದೆ. ಅದು ಪುನರ್ಪುಳಿ ಮತ್ತು ತೆಂಗಿನ ಹಾಲಿನದು. ಊಟದ ನಂತರ ಮಲಗಿ.

ಪಾಲೋಲೆಂನ ಉತ್ತರ ತುದಿಯಲ್ಲಿ ಒಂದು ಚಿಕ್ಕ ದ್ವೀಪ ಇದೆ. ಇಳಿತದಲ್ಲಿ ನಡೆದೇ ದಾಟಬಹುದು. ದಾಟುವ ಮೊದಲು ಭರತ ಎಷ್ಟು ಗಂಟೆಗೆ ಅಂತ ಹಟ್‌ನವರನ್ನು ಕೇಳಿ. ಅಲ್ಲಿ ಮೈಮರೆತು ಕೂತರೆ ವಾಪಸ್ ಬರುವಾಗ ನೀರು ಎದೆಮಟ್ಟ ಬಂದಿರುತ್ತದೆ.

ಮರಳಿನ ಮೇಲೆ ಬಾಟಲಿ ಹಿಡಿದು ಕೂರುವುದು, ಒಲೆ ಹೂಡಿ ಅಡುಗೆ ಮಾಡುವುದು ಗೋವಾದಲ್ಲಿ ಕಾನೂನಿಗೆ ವಿರುದ್ಧ, ದಂಡ ಬೀಳುತ್ತದೆ. ಕುಡಿಯುವವರು ಶ್ಯಾಕ್‌ನಲ್ಲಿ, ಅಂದರೆ ಬೀಚಿನ ಚಪ್ಪರದ ಹೋಟೆಲಿನಲ್ಲಿ ಕೂತು ಕುಡಿಯಬೇಕು. ಅದಕ್ಕೆ ವಯಸ್ಸಿನ ಮಿತಿಯೂ ಇದೆ.

10. ಹೊರಡುವಾಗ

ಮಾಸ್ಕು, ಈಜು ಅಂಗಿಯನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಸಿಲಿಕೋನ್ ಹಾಳಾಗುತ್ತದೆ. ಕಿವಿಯಲ್ಲಿ ನೀರು ಉಳಿದಿದ್ದರೆ ತಲೆ ಓರೆ ಮಾಡಿ ಕಿವಿಹಾಲೆ ಎಳೆಯಿರಿ, ಹತ್ತಿಕಡ್ಡಿ ಹಾಕಬೇಡಿ. ಬರೀ ಸ್ನಾರ್ಕೆಲಿಂಗ್ ಮಾಡಿದವರು ಅದೇ ದಿನ ವಿಮಾನ ಹತ್ತಬಹುದು. ಸ್ಕೂಬಾ ಮಾಡಿದವರು ಹತ್ತಬಾರದು, 18 ಗಂಟೆ ಬಿಡಿ. ಆಳದಲ್ಲಿ ದೇಹದೊಳಗೆ ಸೇರಿದ ನೈಟ್ರೋಜನ್ ಹೊರಹೋಗಲು ಅಷ್ಟು ಹೊತ್ತು ಬೇಕು.

ಸತ್ತು ದಡಕ್ಕೆ ಬಂದ ಹವಳದ ತುಂಡನ್ನೂ ಬ್ಯಾಗಿಗೆ ಹಾಕಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹವಳಕ್ಕೆ ರಕ್ಷಣೆ ಇದೆ, ಮಕ್ಕಳಿಗೂ ಇದನ್ನು ಮೊದಲೇ ಹೇಳಿಡಿ. ಕಾರವಾರದ ದಾರಿಯಲ್ಲಿ ಹಿಂದಿರುಗುವವರಿಗೆ ಗಡಿ ದಾಟಿದ ಕೂಡಲೇ ಮಾಜಾಳಿ ಚೆಕ್‌ಪೋಸ್ಟ್ ಬರುತ್ತದೆ. ಗೋವಾದ ಮದ್ಯ ಇದೆಯಾ ಅಂತ ಬಸ್ಸಿನಲ್ಲೂ ಹುಡುಕುತ್ತಾರೆ. ಪರವಾನಗಿ ಇಲ್ಲದ ಬಾಟಲಿ ಸಿಕ್ಕರೆ ಕೇಸಾಗಬಹುದು, ಬಸ್ಸೂ ನಿಮಗಾಗಿ ಕಾಯುವುದಿಲ್ಲ.